ಮೊದಲು ಕ್ಲಿಪ್ಪೋ, ಮೊದಲು ಆಪರೇಷನ್ನೋ?

ವಿಜಯವಾಡದ ಗವರ್ನರ್‌ಪೇಟೆ ನೋಡಿದವರಿಗೆ ಗೊತ್ತಿರುತ್ತದೆ. ಬೆಸೆಂಟ್ ರೋಡಿನ ಬಟ್ಟೆ ಅಂಗಡಿಗಳ ಗಲಾಟೆ, ಏಲೂರು ರೋಡಿನ ಪುಸ್ತಕದ ಅಂಗಡಿಗಳು, ಇವನ್ನೆಲ್ಲ ದಾಟಿ ಸೂರ್ಯರಾವ್‌ಪೇಟೆ ಕಡೆ ಕಾಲು ಹಾಕಿದರೆ ಆಮೇಲೆ ಕಾಣುವುದೆಲ್ಲ ಡಾಕ್ಟರುಗಳ ಬೋರ್ಡು. ಒಂದೊಂದು ಕಟ್ಟಡಕ್ಕೂ ಐದಾರು ಬೋರ್ಡು. ಕಳೆದ ವರ್ಷ ಅಂಥದೊಂದು ಬೋರ್ಡಿನ ಕೆಳಗೆ ನಾನೂ ಅರ್ಧ ದಿನ ಕೂತಿದ್ದೆ. ನನಗೇನೂ ಆಗಿರಲಿಲ್ಲ. ನಮ್ಮ ಊರ ಕಡೆಯ ಗೆಳೆಯರೊಬ್ಬರು ಇಲ್ಲಿ ಹೋಟೆಲ್ ನಡೆಸುತ್ತಾರೆ. ಹೆಂಡತಿ ಮಕ್ಕಳು ಊರಲ್ಲೇ ಇದ್ದವರು, ಈಗ ಎರಡು ವರ್ಷದಿಂದ ಇಲ್ಲಿಗೆ ಬಂದಿದ್ದಾರೆ. ಮಗಳು ಡಿಗ್ರಿ ಓದುತ್ತಿದ್ದಾಳೆ. ಅವಳ ಕೆಳದವಡೆ ಮುಂದಕ್ಕೆ ಬೆಳೆದಿದೆ. ಅಪ್ಪನಿಗೆ ಗಲ್ಲಾಪೆಟ್ಟಿಗೆ ಬಿಟ್ಟು ಏಳುವ ಹಾಗಿಲ್ಲ, ಅಮ್ಮನಿಗೆ ತೆಲುಗು ಇನ್ನೂ ಪೂರ್ತಿ ಬರುವುದಿಲ್ಲ. ಹಾಗಾಗಿ ದುಭಾಷಿಯ ಕೆಲಸ ನನ್ನ ಪಾಲಿಗೆ ಬಂತು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು "ಗಡ್ಡಂ ಮುಂದುಕಿ ವಚ್ಚಿಂದಮ್ಮಾ" ಅಂದರು. ಅಮ್ಮನ ಮುಖ ಬಿಳಿಚಿಕೊಂಡಿತು. "ಹೆಣ್ಣು ಹುಡುಗಿಗೆ ಎಂಥ ಗಡ್ಡ ಮಾರಾಯ್ರೆ?" ಅಂತ ನನ್ನ ಕಡೆ ತಿರುಗಿದರು. ತೆಲುಗಿನಲ್ಲಿ ಗಡ್ಡಂ ಅಂದರೆ ಗಡ್ಡವೂ ಹೌದು, ನಮ್ಮ ಗದ್ದವೂ ಹೌದು. ನಾವು ಗದ್ದ ಅಂದರೆ ಅವರಿಗೆ ಅದು ಹದ್ದು! ಮೂವತ್ತು ವರ್ಷದ ಹಿಂದೆ ಹೊಸದಾಗಿ ಬಂದಾಗ ನಾನೂ ಇದರಲ್ಲಿ ಎಡವಿ ಬಿದ್ದಿದ್ದೆ. ಪುಣ್ಯಕ್ಕೆ ದವಡೆ ಮಾತ್ರ ಎರಡೂ ಭಾಷೆಯಲ್ಲಿ ಹೆಚ್ಚುಕಡಿಮೆ ಒಂದೇ.

ಡಾಕ್ಟರು ಹೇಳಿದ್ದರ ಸಾರಾಂಶ ಇಷ್ಟು. ಮೊದಲು ಹಲ್ಲಿಗೆ ಕ್ಲಿಪ್, ಒಂದೂವರೆ ವರ್ಷದಷ್ಟು. ಆಮೇಲೆ ದವಡೆಯ ಆಪರೇಷನ್. ಆಮೇಲೆ ಮತ್ತೆ ಆರೇಳು ತಿಂಗಳು ಕ್ಲಿಪ್. ಕ್ಲಿಪ್ಪಿಗೆ ಒಬ್ಬ ಡಾಕ್ಟರು, ದವಡೆಗೆ ಇನ್ನೊಬ್ಬರು. ಜೊತೆಗೆ ಇನ್ನೊಂದು ಮಾತು: ಮೊದಲ ಕ್ಲಿಪ್ಪಿನ ಅವಧಿಯಲ್ಲಿ ಮುಖ ಈಗಿರುವುದಕ್ಕಿಂತ ಇನ್ನೂ ಕೆಟ್ಟದಾಗಿ ಕಾಣುತ್ತದೆ, ಧೈರ್ಯಗೆಡಬಾರದು.

ಹೊರಗೆ ಬಂದು ಕಾಫಿ ಕುಡಿಯುವಾಗ ಹುಡುಗಿ ಕೇಳಿದಳು: "ಹೇಗೂ ಕೊಯ್ಯೋದೇ ಆದ್ರೆ ಮೊದಲೇ ಕೊಯ್ದು ಮುಗಿಸಬಾರದಾ ಮಾವ? ಇರೋ ಮುಖಾನೂ ಕೆಡಿಸಿ ಆಮೇಲೆ ಸರಿ ಮಾಡೋದು ಎಂಥ ಲೆಕ್ಕ?"

ನಾನು ಡಾಕ್ಟರಲ್ಲ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ರಿಟೈರ್ ಆದವನು. ಉತ್ತರ ಗೊತ್ತಿರಲಿಲ್ಲ, ಹೊತ್ತು ಮಾತ್ರ ಬೇಕಾದಷ್ಟಿತ್ತು. ಓದಲು ಕೂತೆ. ಓದುತ್ತಾ ಹೋದ ಹಾಗೆ ತಿಳಿದದ್ದೇನೆಂದರೆ, ಇವಳ ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ ವೈದ್ಯಲೋಕಕ್ಕೇ ನೂರು ವರ್ಷಕ್ಕೂ ಮಿಕ್ಕಿ ಹಿಡಿದಿದೆ.

ಮುಂದೆ ಬಂದ ದವಡೆ ಹೊಸ ಕಾಯಿಲೆಯೇನಲ್ಲ. ಯುರೋಪಿನ ಹ್ಯಾಬ್ಸ್‌ಬರ್ಗ್ ರಾಜಮನೆತನದ ಚಿತ್ರಪಟಗಳನ್ನು ನೋಡಿ, ತಲೆಮಾರಿನಿಂದ ತಲೆಮಾರಿಗೆ ಅದೇ ಗದ್ದ ಇಳಿದು ಬಂದಿದೆ. ಸ್ಪೇನಿನಲ್ಲಿ ಆ ವಂಶದ ಕೊನೆಯ ದೊರೆ ಎರಡನೇ ಚಾರ್ಲ್ಸ್ 1700ರಲ್ಲಿ ಸತ್ತ. ಆಹಾರ ಅಗಿಯುವುದಕ್ಕೇ ಆಗುತ್ತಿರಲಿಲ್ಲವಂತೆ ಪಾಪ. ಸೋದರಮಾವ, ಸೋದರಸೊಸೆ ಎಂದು ಮನೆಯೊಳಗೇ ಮದುವೆ ಮಾಡಿಕೊಂಡದ್ದಕ್ಕೂ ಆ ದವಡೆಗೂ ಸಂಬಂಧ ಇದೆ ಎಂದು 2019ರಲ್ಲಿ ಸ್ಪೇನಿನ ಸಂಶೋಧಕರು ಪಟಗಳನ್ನೇ ಅಳೆದು ಬರೆದರು. (ಇದನ್ನು ನಮ್ಮ ಕಡೆ ಯಾರ ಮುಂದೆಯೂ ಹೇಳುವ ಹಾಗಿಲ್ಲ, ಜಗಳಕ್ಕೇ ಬರುತ್ತಾರೆ.) ನಮ್ಮ ಸುಶ್ರುತನೂ ದವಡೆಯ ಕೀಲು ತಪ್ಪಿದರೆ ಕಾವು ಕೊಟ್ಟು, ಸ್ವಸ್ಥಾನಕ್ಕೆ ಕೂರಿಸಿ, ಪಂಚಾಂಗೀ ಎನ್ನುವ ಪಟ್ಟಿ ಕಟ್ಟಬೇಕು ಎಂದಿದ್ದಾನೆ. ಆದರೆ ತಪ್ಪಿದ ಕೀಲನ್ನು ಕೂರಿಸುವುದು ಬೇರೆ, ಹುಟ್ಟಿನಿಂದ ಬೆಳೆದು ಬಂದ ಎಲುಬನ್ನು ಕೊಯ್ದು ಜಾಗ ಬದಲಿಸುವುದು ಬೇರೆ.

ಆ ಎರಡನೆಯ ಕೆಲಸ ಮೊದಲು ಮಾಡಿದವನು ಅಮೆರಿಕದ ವೀಲಿಂಗ್ ಎಂಬ ಊರಿನ ಸೈಮನ್ ಹಲ್ಲಿಹೆನ್. 1849ರಲ್ಲಿ ಆತ ಒಂದು ಕೇಸು ಬರೆದ. ಇಪ್ಪತ್ತು ವರ್ಷದ ಹುಡುಗಿ. ಐದು ವರ್ಷದ ಮಗುವಾಗಿದ್ದಾಗ ಕುತ್ತಿಗೆ, ಎದೆ ಸುಟ್ಟಿತ್ತು. ಸುಟ್ಟ ಚರ್ಮ ಗಾಯ ಮಾಯುತ್ತಾ ಬಿಗಿದು ಗದ್ದವನ್ನು ಎದೆಯ ಕಡೆ ಎಳೆದಿತ್ತು. ಬೆಳೆಯುವ ವಯಸ್ಸಿನ ಎಲುಬು ಎಳೆದ ಕಡೆ ಬೆಳೆದು, ಕೆಳದವಡೆಯ ಮುಂಭಾಗ ಹಲ್ಲಿನ ಸಮೇತ ಮುಂದಕ್ಕೆ ಚಾಚಿತ್ತು. ಹಲ್ಲಿಹೆನ್ ಎರಡೂ ಬದಿಯಲ್ಲಿ ಎಲುಬಿನ ಒಂದೊಂದು ಚೂರು ತೆಗೆದು ಮುಂಭಾಗವನ್ನು ಹಿಂದಕ್ಕೆ ಸರಿಸಿದ. ಆಮೇಲೆ ಕುತ್ತಿಗೆಯ ಬಿಗಿತ ಬಿಡಿಸಿ ಚರ್ಮ ಹೊಂದಿಸಿದ, ಕೊನೆಗೆ ತುಟಿ ಸರಿಪಡಿಸಿದ. ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸಬಹುದು ಎಂದು ಬಾಸ್ಟನ್ನಿನಲ್ಲಿ ತೋರಿಸಿದ್ದು 1846ರಲ್ಲಿ, ಬರೀ ಮೂರು ವರ್ಷ ಮೊದಲು. ಪೆನಿಸಿಲಿನ್ ಬರುವುದಕ್ಕೆ ಇನ್ನೂ ಒಂದು ಶತಮಾನ ಬಾಕಿ. ಆ ಹುಡುಗಿಯ ಧೈರ್ಯವನ್ನು ನೆನೆಸಿಕೊಳ್ಳಿ.

ಈ ಕೇಸಿನಲ್ಲಿ ಕ್ಲಿಪ್ ಇಲ್ಲ. ಹಲ್ಲು ಸರಿಸುವ ವಿದ್ಯೆ ಆಗ ಬೆಳೆದಿರಲೇ ಇಲ್ಲ. ಎರಡೂ ಕೈಗಳು ಮೊದಲು ಸೇರಿದ್ದು 1897ರಲ್ಲಿ, ಸೇಂಟ್ ಲೂಯಿಸ್ ನಗರದಲ್ಲಿ. ಕತ್ತಿ ಹಿಡಿದವನು ವಿಲ್ರೇ ಬ್ಲೇರ್, ಆಗಿನ್ನೂ ಇಪ್ಪತ್ತಾರರ ಹುಡುಗ. ತಂತಿ ಹಿಡಿದವನು ಎಡ್ವರ್ಡ್ ಆಂಗಲ್. ಇವತ್ತು ಯಾವ ಊರಿನ ಕ್ಲಿಪ್ ಡಾಕ್ಟರು ಕೂಡ ಹಲ್ಲಿನ ಸಾಲನ್ನು ಕ್ಲಾಸ್ ಒಂದು, ಎರಡು, ಮೂರು ಎಂದು ವಿಂಗಡಿಸುವುದು ಈ ಆಂಗಲ್ 1899ರಲ್ಲಿ ಹಾಕಿಕೊಟ್ಟ ಲೆಕ್ಕದಲ್ಲೇ. ನಮ್ಮ ಹುಡುಗಿಯ ಫೈಲಿನ ಮೇಲೂ 'ಕ್ಲಾಸ್ ಮೂರು' ಎಂದು ಬರೆದಿತ್ತು. ಸೇಂಟ್ ಲೂಯಿಸಿನಲ್ಲಿ ಬ್ಲೇರ್ ಕೆಳದವಡೆಯ ಎರಡೂ ಬದಿ ಕೊಯ್ದು ಹಿಂದಕ್ಕೆ ತಂದ, ಆಂಗಲ್ ತಂತಿಯ ಕೆಲಸ ನೋಡಿಕೊಂಡ. ಇಂಥ ಕೇಸಿನಲ್ಲಿ ಹಲ್ಲಿನವನನ್ನು ಎಷ್ಟು ಬೇಗ ಜೊತೆಗೆ ಸೇರಿಸಿಕೊಂಡರೆ ಅಷ್ಟು ಒಳ್ಳೆಯದು ಎಂದು ಬ್ಲೇರ್ ಮುಂದೆ ಬರೆದ ಕೂಡ.

ಇಷ್ಟು ಚೆನ್ನಾಗಿ ಆರಂಭವಾದ ಸಂಸಾರ ಮುಂದುವರಿಯಬೇಕಿತ್ತು. ಆಗಲಿಲ್ಲ. ಆಂಗಲ್ 1900ರಲ್ಲಿ ಅದೇ ಊರಿನಲ್ಲಿ ಹಲ್ಲು ಸರಿಸುವ ವಿದ್ಯೆಗೇ ಒಂದು ಶಾಲೆ ತೆರೆದ. ಜಗತ್ತಿನಲ್ಲಿ ಮೊದಲನೆಯದು. ಹಲ್ಲನ್ನು ಸರಿಯಾದ ಜಾಗಕ್ಕೆ ತಂದರೆ ಸುತ್ತಲಿನ ಎಲುಬು ತಾನಾಗಿ ಹಿಂದೆ ಬೆಳೆಯುತ್ತದೆ ಎಂಬುದು ಅವನ ಗಟ್ಟಿ ನಂಬಿಕೆ. ಒಂದು ಹಲ್ಲು ಕೀಳುವುದಕ್ಕೂ ಒಪ್ಪುತ್ತಿರಲಿಲ್ಲ. ದೊಡ್ಡ ಬುದ್ಧಿವಂತ, ಅಷ್ಟೇ ದೊಡ್ಡ ಹಟಮಾರಿ. ಅವನ ಶಿಷ್ಯರು ತಂತಿಯ ಕಡೆಗೆ ಹೋದರು, ಸರ್ಜನ್ನರು ಕತ್ತಿಯ ಕಡೆಗೆ. ಮೊದಲ ಮಹಾಯುದ್ಧ ಬಂದು ಚೂರಾದ ದವಡೆಗಳು ರಾಶಿ ಬಿದ್ದಾಗ ಬ್ಲೇರ್ ಅಮೆರಿಕದ ಸೈನ್ಯದ ಆ ವಿಭಾಗದ ಮುಖ್ಯಸ್ಥನಾದ. ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಹೆರಾಲ್ಡ್ ಗಿಲ್ಲೀಸ್ ಮುಖ ಕಟ್ಟುತ್ತಿದ್ದ ಆಸ್ಪತ್ರೆಯಲ್ಲಿ ಐವನ್ ಮ್ಯಾಗಿಲ್, ಸ್ಟ್ಯಾನ್ಲಿ ರೌಬಾಥಮ್ ಎಂಬ ಅರಿವಳಿಕೆ ವೈದ್ಯರು ಶ್ವಾಸನಾಳಕ್ಕೇ ಕೊಳವೆ ಇಳಿಸುವುದನ್ನು ರೂಢಿಗೆ ತಂದರು. ಇದು ಸಣ್ಣ ಮಾತಲ್ಲ. ಮೂಗಿನ ಮೂಲಕ ಉಸಿರಿನ ಕೊಳವೆ ಹೋಗದಿದ್ದರೆ ಗಂಟೆಗಟ್ಟಲೆ ಬಾಯೊಳಗೆ ಕೈ ಹಾಕಿ ಕೆಲಸ ಮಾಡುವುದು ಯಾರಿಗೆ ಸಾಧ್ಯ?

ಆದರೂ ಬೆಳೆದ ದವಡೆಯ ಕೇಸುಗಳಲ್ಲಿ ಎರಡು ಕಡೆಯವರೂ ಸೋಲುತ್ತಿದ್ದರು. ಸರ್ಜನ್ ಕೊಯ್ದು ಹಿಂದೆ ತಂದದ್ದು ಮೆಲ್ಲಗೆ ಮುಂದಕ್ಕೆ ಜಾರುತ್ತಿತ್ತು, ಇಲ್ಲವೇ ಬಾಯಿ ಮುಚ್ಚಿದರೂ ಮುಂದಿನ ಹಲ್ಲುಗಳ ನಡುವೆ ಸಂದು ಉಳಿಯುತ್ತಿತ್ತು. ಪ್ರಾಗ್ ನಗರದ ಕೊಸ್ತೆಚ್ಕಾ ಎಂಬಾತ 1930ರ ದಶಕದಲ್ಲಿ ಕೆನ್ನೆಯಲ್ಲಿ ಸಣ್ಣ ತೂತು ಮಾಡಿ, ತಂತಿಯ ಗರಗಸ ಒಳಗೆ ತೂರಿಸಿ, ಕಣ್ಣಿಗೆ ಕಾಣದ ಹಾಗೆಯೇ ಎಲುಬು ಕೊಯ್ಯುವ ಕ್ರಮ ಹೇಳಿಕೊಟ್ಟಿದ್ದ. ಕೊಯ್ದ ಎರಡು ತುದಿಗಳಿಗೆ ಪರಸ್ಪರ ತಾಗುವ ಜಾಗವೇ ಕಡಿಮೆ, ಮಾಂಸಖಂಡ ಒಂದು ಕಡೆ ಎಳೆದರೆ ಮುಗಿಯಿತು.

ಇತ್ತ ತಂತಿಯವರ ನಂಬಿಕೆಗೂ ಪೆಟ್ಟು ಬಿತ್ತು, ಅದೂ ಮನೆಯೊಳಗಿನಿಂದಲೇ. 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್, ಜರ್ಮನಿಯ ಹೋಫ್ರಾತ್ ಇಬ್ಬರೂ ಬೇರೆಬೇರೆಯಾಗಿ, ತಲೆಯನ್ನು ಒಂದು ಚೌಕಟ್ಟಿನಲ್ಲಿ ಅಲುಗದಂತೆ ನಿಲ್ಲಿಸಿ ಪಕ್ಕದಿಂದ ಎಕ್ಸ್‌ರೇ ತೆಗೆಯುವ ವಿಧಾನ ಪ್ರಕಟಿಸಿದರು. ಚಿಕಿತ್ಸೆಗೆ ಮುಂಚಿನ ಚಿತ್ರ, ಆಮೇಲಿನ ಚಿತ್ರ ಒಂದರ ಮೇಲೊಂದಿಟ್ಟು ಅಳೆಯಬಹುದು. ಆಂಗಲ್‌ನ ಶಿಷ್ಯನೇ ಆದ ಅಲನ್ ಬ್ರೋಡಿ ಮತ್ತು ಸಂಗಡಿಗರು ಹೀಗೆ ಅಳೆದು 1938ರಲ್ಲಿ ಬರೆದರು: ತಂತಿಯಿಂದ ಆಗುವ ಬದಲಾವಣೆ ಹೆಚ್ಚಿನಂಶ ಹಲ್ಲಿನ ಸುತ್ತಲಿನ ಎಲುಬಿಗಷ್ಟೇ ಸೀಮಿತ, ದವಡೆ ಇದ್ದಲ್ಲೇ ಇರುತ್ತದೆ. ಗುರು ತೀರಿಕೊಂಡು ಎಂಟು ವರ್ಷವಾಗಿತ್ತು. ಇದ್ದಿದ್ದರೆ ಏನನ್ನುತ್ತಿದ್ದನೋ!

ಇನ್ನು ಓಬ್‌ವೇಗೆಸರ್ ಕಥೆ. ಹ್ಯೂಗೋ ಓಬ್‌ವೇಗೆಸರ್ ಆಸ್ಟ್ರಿಯಾದವನು, 1920ರಲ್ಲಿ ಹುಟ್ಟಿದವನು. ಗ್ರಾಟ್ಸ್ ನಗರದಲ್ಲಿ ರಿಚರ್ಡ್ ಟ್ರೌನರ್ ಹತ್ತಿರ ಕಲಿತು, ಇಂಗ್ಲೆಂಡಿಗೆ ಹೋಗಿ ಅದೇ ಗಿಲ್ಲೀಸ್ ಹತ್ತಿರವೂ ಇದ್ದು, ಮುಂದೆ ಜ್ಯೂರಿಕ್‌ನಲ್ಲಿ ನೆಲೆ ನಿಂತ. 1953ರಲ್ಲಿ ಆತ ಮಾಡಿದ ಯೋಚನೆ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ದವಡೆಯ ಹಿಂಭಾಗದ ಎಲುಬನ್ನು ಅಡ್ಡಕ್ಕೆ ಕೊಯ್ಯುವ ಬದಲು ಉದ್ದಕ್ಕೆ ಸೀಳಿ, ಒಳಪದರ ಹೊರಪದರ ಬೇರೆ ಮಾಡಿದರೆ? ಬೆಂಕಿಪೊಟ್ಟಣ ಇದ್ದ ಹಾಗೆ. ಒಳಗಿನ ತಟ್ಟೆಯನ್ನು ಹಿಂದೆ ಮುಂದೆ ಎಷ್ಟು ಜಾರಿಸಿದರೂ ಹೊರಗಿನ ಕವಚದ ಜೊತೆ ಅಗಲವಾಗಿ ತಾಗಿಕೊಂಡೇ ಇರುತ್ತದೆ. ಎಲುಬಿಗೆ ಎಲುಬು ತಾಗಿದ್ದರೆ ಬೆಸೆದುಕೊಳ್ಳುತ್ತದೆ. ಹಿಂದಕ್ಕೂ ತರಬಹುದು, ಮುಂದಕ್ಕೂ ಒಯ್ಯಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಪೂರ್ತಿ ಕೆಲಸ ಬಾಯೊಳಗಿನಿಂದ. ಕೆನ್ನೆಯ ಮೇಲೆ ಗೆರೆ ಇಲ್ಲ. 1957ರಲ್ಲಿ ಟ್ರೌನರ್ ಜೊತೆ ಸೇರಿ ಇಂಗ್ಲಿಷಿನಲ್ಲಿ ಬರೆದ. 1966ರಲ್ಲಿ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಭಾಷಣ ಮಾಡಿದ ಮೇಲೆ ಅಮೆರಿಕದವರು ಬಿದ್ದು ಎದ್ದು ಕಲಿತರು. ಇಟಲಿಯ ದಾಲ್ ಪಾಂಟ್, ಅಮೆರಿಕದ ಹನ್ಸಕ್, ಎಪ್ಕರ್ ಒಬ್ಬೊಬ್ಬರು ಒಂದೊಂದು ತಿದ್ದುಪಡಿ ಸೇರಿಸಿದರು. ಓಬ್‌ವೇಗೆಸರ್ 2017ರವರೆಗೆ ಬದುಕಿದ್ದ.

ಇದಕ್ಕೊಂದು ಬೆಲೆಯೂ ಇದೆ. ಕೆಳದುಟಿಗೆ ಸ್ಪರ್ಶ ಕೊಡುವ ನರ ಸೀಳುವ ಜಾಗದಲ್ಲೇ ಎಲುಬಿನೊಳಗೆ ಹಾದು ಹೋಗುತ್ತದೆ. ಆಪರೇಷನ್ ಆದ ಮೇಲೆ ತುಟಿ, ಗದ್ದ ಮರಗಟ್ಟುವುದು ಸಾಮಾನ್ಯ. ಬಹುಪಾಲು ಜನರಿಗೆ ತಿಂಗಳುಗಳಲ್ಲಿ ಸುಧಾರಿಸುತ್ತದೆ, ಕೆಲವರಿಗೆ ಸ್ವಲ್ಪ ಮರಗಟ್ಟಿದ್ದು ಹಾಗೇ ಉಳಿಯುತ್ತದೆ. ಡಾಕ್ಟರು ಇದನ್ನು ಮುಚ್ಚಿಡಲಿಲ್ಲ. ನಾನೂ ಅನುವಾದದಲ್ಲಿ ಮುಚ್ಚಿಡಲಿಲ್ಲ. ಮುಚ್ಚಿಡೋಣ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಮೇಲ್ದವಡೆಯ ಕಥೆ ಇನ್ನೂ ವಿಚಿತ್ರ. 1901ರಲ್ಲಿ ಫ್ರಾನ್ಸಿನ ರೆನೆ ಲೆ ಫೋರ್, ಸತ್ತವರ ತಲೆಗಳನ್ನು ಕೋಲಿನಿಂದ ಹೊಡೆದು, ಮೇಜಿನ ಅಂಚಿಗೆ ಅಪ್ಪಳಿಸಿ, ಮುಖದ ಎಲುಬು ಯಾವ ಗೆರೆಯಲ್ಲಿ ಒಡೆಯುತ್ತದೆ ಎಂದು ನೋಡಿದ. ಮೂರು ಗೆರೆ ಸಿಕ್ಕವು. ಪೆಟ್ಟಿನ ಲೆಕ್ಕ ಅದು. ಅದರಲ್ಲಿ ಕೆಳಗಿನ ಗೆರೆಯಲ್ಲೇ ಬೇಕೆಂದು ಕೊಯ್ದರೆ ಮೇಲ್ದವಡೆ ಸರಿಸಬಹುದು ಎಂದು 1927ರಲ್ಲಿ ಜರ್ಮನಿಯ ವಾಸ್‌ಮುಂಡ್ ಕೈ ಹಾಕಿದ. ಆದರೆ ಪೂರ್ತಿ ಬಿಡಿಸಿ ತೆಗೆಯುವ ಧೈರ್ಯ ಯಾರಿಗೂ ಸುಲಭಕ್ಕೆ ಬರಲಿಲ್ಲ. ಸುತ್ತ ಕೊಯ್ದು ಕೆಳಗಿಳಿಸಿದ ಎಲುಬಿಗೆ ರಕ್ತ ಎಲ್ಲಿಂದ ಬರಬೇಕು? ಹಲ್ಲಿನ ಸಮೇತ ಸತ್ತುಹೋದರೆ?

ಉತ್ತರ ಕೊಟ್ಟದ್ದು ಕೋತಿಗಳು. ವಿಲಿಯಂ ಬೆಲ್ ಎಂಬ ಅಮೆರಿಕದ ಸರ್ಜನ್ 1969ರಿಂದ ಮುಂದಿನ ಕೆಲವು ವರ್ಷ ರೀಸಸ್ ಕೋತಿಗಳಲ್ಲಿ ಇದೇ ಆಪರೇಷನ್ ಮಾಡಿ ನೋಡಿದ. ಅಂಗುಳಿನ ಮತ್ತು ಒಸಡಿನ ಮೆತ್ತನೆಯ ಮಾಂಸವನ್ನು ಅಂಟಿಸಿಕೊಂಡೇ ಬಿಟ್ಟರೆ ಅದರ ಮೂಲಕವೇ ರಕ್ತ ಹರಿದು ಎಲುಬು ಬದುಕುತ್ತದೆ ಎಂದು ಸಿದ್ಧವಾಯಿತು. ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಹನುಮಂತ. ಹನು ಅಂದರೆ ದವಡೆ. ಸೂರ್ಯನನ್ನು ಹಣ್ಣೆಂದು ಹಿಡಿಯಲು ಹಾರಿದ ಮಗುವಿಗೆ ಇಂದ್ರ ವಜ್ರದಿಂದ ಹೊಡೆದು ಎಡದವಡೆ ಮುರಿದದ್ದಕ್ಕೇ ಆ ಹೆಸರು. ಹಂಪಿಯ ಆಚೆ ಅಂಜನಾದ್ರಿಯಲ್ಲಿ ಹುಟ್ಟಿದ ಎಂದು ನಾವು ಹೇಳುವ ಆ ಆಂಜನೇಯ, ಇಲ್ಲಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಪರಿಟಾಲದಲ್ಲಿ 135 ಅಡಿ ಎತ್ತರಕ್ಕೆ ನಿಂತಿದ್ದಾನೆ. ಬಸ್ಸಿನಲ್ಲಿ ಎಷ್ಟು ಸಲ ಕೈ ಮುಗಿದಿದ್ದೇನೋ, ಹೆಸರಿನ ಅರ್ಥದ ಕಡೆ ಗಮನ ಹೋಗಿರಲಿಲ್ಲ.

1970ರಲ್ಲಿ ಓಬ್‌ವೇಗೆಸರ್ ಮೇಲಿನದನ್ನು ಮುಂದಕ್ಕೆ, ಕೆಳಗಿನದನ್ನು ಹಿಂದಕ್ಕೆ, ಎರಡನ್ನೂ ಒಂದೇ ಸಲಕ್ಕೆ ಸರಿಸಿದ್ದನ್ನು ಪ್ರಕಟಿಸಿದ. ಈಗ ಎಲುಬನ್ನು ಬೇಕಾದ ಜಾಗದಲ್ಲಿ ಇಡಬಹುದು ಎಂದಾಯಿತು. ಅಲ್ಲಿಗೆ ಬಂತು ಹುಡುಗಿಯ ಪ್ರಶ್ನೆ. ಬೇಕಾದ ಜಾಗ ಯಾವುದು?

ನೋಡಿ, ದವಡೆ ತಪ್ಪಿದ್ದರೂ ಬಾಯಿ ಸುಮ್ಮನಿರುವುದಿಲ್ಲ. ಹೇಗಾದರೂ ಕಚ್ಚಬೇಕಲ್ಲ. ಹಾಗಾಗಿ ವರ್ಷಗಟ್ಟಲೆ ತುಟಿ, ನಾಲಿಗೆಯ ಒತ್ತಡದಲ್ಲಿ ಕೆಳಗಿನ ಹಲ್ಲು ಹಿಂದಕ್ಕೆ ಒರಗುತ್ತವೆ, ಮೇಲಿನವು ಮುಂದಕ್ಕೆ ಚಾಚುತ್ತವೆ, ಎರಡೂ ಸೇರಲು ಒದ್ದಾಡುತ್ತವೆ. ದವಡೆಯ ತಪ್ಪನ್ನು ಹಲ್ಲು ಮುಚ್ಚಿಟ್ಟ ಹಾಗೆ. ದವಡೆಯಲ್ಲಿ ಹತ್ತು ಮಿಲಿಮೀಟರ್ ವ್ಯತ್ಯಾಸ ಇದ್ದರೂ ಹಲ್ಲಿನಲ್ಲಿ ಕಾಣುವುದು ನಾಲ್ಕೋ ಐದೋ. ಸರ್ಜನ್ ಹಲ್ಲಿಗೆ ಹಲ್ಲು ಕೂಡಿಸಿಯೇ ದವಡೆಯನ್ನು ನಿಲ್ಲಿಸಬೇಕು, ಬೇರೆ ಆಧಾರ ಇಲ್ಲ. ಒರಗಿದ ಹಲ್ಲುಗಳನ್ನು ಹಾಗೇ ಬಿಟ್ಟು ಕೊಯ್ದರೆ ನಾಲ್ಕೈದು ಮಿಲಿಮೀಟರಿಗೇ ಹಲ್ಲು ಹಲ್ಲು ತಾಗಿ ಆಟ ಮುಗಿಯುತ್ತದೆ. ಅರ್ಧ ಸರಿಹೋದ ಮುಖ, ಸರಿಯಾಗಿ ಕೂಡದ ಹಲ್ಲು. ಆದ್ದರಿಂದ ಮೊದಲು ತಂತಿ ಹಾಕಿ ಪ್ರತಿ ಹಲ್ಲನ್ನೂ ಅದರದರ ಎಲುಬಿನ ಮೇಲೆ ನೆಟ್ಟಗೆ ನಿಲ್ಲಿಸುತ್ತಾರೆ. ಮುಚ್ಚಿಟ್ಟದ್ದನ್ನೆಲ್ಲ ಹೊರಗೆ ತೆಗೆಯುತ್ತಾರೆ. ಮುಖ ಕೆಡುವುದು ಅದಕ್ಕೇ. ಬ್ಯಾಂಕಿನವನ ಭಾಷೆಯಲ್ಲಿ ಹೇಳಬೇಕೆಂದರೆ, ಹೊಂದಿಸಿ ಬರೆದ ಲೆಕ್ಕವನ್ನು ಮೊದಲು ಬಿಚ್ಚಿ ನಿಜವಾದ ನಷ್ಟ ಎಷ್ಟೆಂದು ತೋರಿಸಬೇಕು, ಆಮೇಲೇ ಸರಿಪಡಿಸುವುದು.

ಈ ಕ್ರಮ ರೂಢಿಗೆ ಬಂದದ್ದು 1970ರ ದಶಕದಲ್ಲಿ. 1980ರಲ್ಲಿ ಬಂದ ಮೂರು ಹೆಸರಿನ ಒಂದು ಪಠ್ಯಪುಸ್ತಕ ಇದೆ, ಬೆಲ್, ಪ್ರಾಫಿಟ್, ವೈಟ್. ಇಬ್ಬರು ಸರ್ಜನ್ನರು, ನಡುವಿನ ಪ್ರಾಫಿಟ್ ಕ್ಲಿಪ್ಪಿನವನು. ಸೇಂಟ್ ಲೂಯಿಸಿನಲ್ಲಿ ಬೇರೆಯಾದವರು ಒಂದೇ ರಟ್ಟಿನ ಮೇಲೆ ಬರುವುದಕ್ಕೆ ಎಂಬತ್ತಮೂರು ವರ್ಷ. ಅದೇ ಹೊತ್ತಿಗೆ ಫ್ರಾನ್ಸಿನ ಶಾಂಪಿ ಮುಂತಾದವರ ಸಣ್ಣ ಲೋಹದ ಪಟ್ಟಿ, ಸ್ಕ್ರೂಗಳು ಬಂದವು. ಅದಕ್ಕೆ ಮೊದಲು ಮೇಲಿನ ಕೆಳಗಿನ ಹಲ್ಲುಗಳನ್ನು ತಂತಿಯಲ್ಲಿ ಕಟ್ಟಿ ಆರು ವಾರ ಬಾಯಿ ಮುಚ್ಚಿಸಿಬಿಡುತ್ತಿದ್ದರು. ಹಲ್ಲಿನ ಸಂದಿನಲ್ಲಿ ಇಳಿದಷ್ಟೇ ಗಂಜಿ.

ನಮ್ಮ ದೇಶದಲ್ಲೂ ಇಬ್ಬರೂ ಬೇರೆಬೇರೆ ಬಾಗಿಲಿನಿಂದಲೇ ಬಂದರು. ಕ್ಲಿಪ್ಪಿನವರ ಸಂಘ 1965ರಲ್ಲಿ, ದವಡೆ ಸರ್ಜನ್ನರ ಸಂಘ 1969ರಲ್ಲಿ. ಇಬ್ಬರನ್ನೂ ಒಂದೇ ಸೂರಿನಡಿ ತಂದದ್ದು ಡೆಂಟಲ್ ಕಾಲೇಜುಗಳು. ಬೆಂಗಳೂರಿನ ಸರ್ಕಾರಿ ಕಾಲೇಜು 1958, ಮಣಿಪಾಲ 1965, ದಾವಣಗೆರೆಯ ಬಾಪೂಜಿ 1979, ಧಾರವಾಡದ ಎಸ್‌ಡಿಎಂ 1986. ಅದೇ 1986ರಲ್ಲಿ ಇಲ್ಲಿ ವಿಜಯವಾಡದಲ್ಲಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಶುರುವಾಯಿತು, ನಮ್ಮ ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕಿಂತ ಹತ್ತು ವರ್ಷ ಮೊದಲೇ. ಕಾಲೇಜಿನ ಎರಡು ವಿಭಾಗದವರು ಒಂದೇ ಕಾರಿಡಾರಿನಲ್ಲಿ ಎದುರಾಗುತ್ತಾರೆ, ಕೇಸಿನ ಬಗ್ಗೆ ಮಾತಾಡಲೇಬೇಕು. ಹೊರಗಿನ ಕ್ಲಿನಿಕ್ಕುಗಳಲ್ಲಿ ಆ ಅನುಕೂಲ ಇಲ್ಲ. 'ಇಬ್ಬರೂ ಒಟ್ಟಿಗೆ ಕೂತು ಎಕ್ಸ್‌ರೇ ನೋಡ್ತೀರಾ?' ಎಂದು ನಾನು ಕೇಳಿದ ಒಂದೇ ಒಂದು ಬುದ್ಧಿವಂತ ಪ್ರಶ್ನೆ ಅದು. ನೋಡುತ್ತೇವೆ ಅಂದರು. ನೋಡಿದರು ಕೂಡ.

ಇಷ್ಟೆಲ್ಲ ಓದಿ ಹುಡುಗಿಗೆ ದೊಡ್ಡ ಉಪನ್ಯಾಸ ಕೊಡಲು ಹೋದೆ. ಅವಳು ಮೊಬೈಲಿನಲ್ಲಿ ಅಷ್ಟರಲ್ಲೇ ಹುಡುಕಿ ಇಟ್ಟಿದ್ದಳು. "ಮಾವ, ಜಪಾನಿನವರು ಮೊದಲೇ ಕೊಯ್ತಾರಂತಲ್ಲ!" ನಿಜ. 2009ರಲ್ಲಿ ಜಪಾನಿನ ಸೆಂಡೈಯ ನಾಗಾಸಾಕಾ, ಸುಗವಾರ ಮುಂತಾದವರು 'ಸರ್ಜರಿ ಫಸ್ಟ್' ಎಂದೇ ಹೆಸರಿಟ್ಟು ಬರೆದರು. ಲೇಖಕರಲ್ಲಿ ಭಾರತ ಮೂಲದ ರವೀಂದ್ರ ನಂದಾ ಕೂಡ ಒಬ್ಬರು. ಎಲುಬಿಗೆ ಸಣ್ಣ ಲೋಹದ ಪಟ್ಟಿ ನೆಟ್ಟು ಅದರ ಆಸರೆಯಲ್ಲಿ ಆಮೇಲೆ ಹಲ್ಲು ಎಳೆಯಬಹುದು, ಆಪರೇಷನ್ ಆದ ಹೊಸದರಲ್ಲಿ ಹಲ್ಲು ಬೇಗ ಸರಿಯುತ್ತವೆ, ಮುಖ ಮೊದಲ ದಿನವೇ ಸುಧಾರಿಸುತ್ತದೆ. ಅಂದರೆ ಹಲ್ಲುಗಳ ಕೊನೆಯ ಜಾಗವನ್ನು ಮೊದಲೇ ಅಂದಾಜು ಮಾಡಿ, ಆ ಅಂದಾಜಿನ ಮೇಲೆ ಕೊಯ್ಯಬೇಕು. ಎಲ್ಲರಿಗೂ ಒಗ್ಗುವುದಿಲ್ಲ. ಇವಳ ಕೆಳಹಲ್ಲುಗಳು ತೀರಾ ಒರಗಿ ಒಂದರ ಮೇಲೊಂದು ಹತ್ತಿ ಕೂತಿವೆ, ನನಗೆ ಅಂದಾಜಿನ ಮೇಲೆ ಕೊಯ್ಯುವ ಧೈರ್ಯ ಇಲ್ಲ ಎಂದು ಡಾಕ್ಟರು ಹೇಳಿದರು. ಧೈರ್ಯ ಇಲ್ಲ ಎಂದು ಒಪ್ಪಿಕೊಳ್ಳುವ ಡಾಕ್ಟರ ಮೇಲೆ ನನಗೆ ನಂಬಿಕೆ ಬಂತು. ಹುಡುಗಿಗೆ ಸಿಟ್ಟು ಬಂತು. ಒಂದು ವಾರ ಬಿಟ್ಟು ಅವಳೇ ಕ್ಲಿಪ್ ಹಾಕಿಸಿಕೊಂಡು ಬಂದಳು.

ದುಡ್ಡಿನ ಮಾತು ಬಂದಾಗ ವಿಮಾ ಕಂಪನಿಯವರು ಆಗುವುದಿಲ್ಲ ಎಂದು ಪತ್ರ ಕಳಿಸಿದರು. ರೂಪ ಬದಲಿಸುವ ಚಿಕಿತ್ಸೆಗೆ ಹಣ ಇಲ್ಲ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ಆದಮೇಲೆ ಸರಿಪಡಿಸುವುದಿದ್ದರೆ, ಅಥವಾ ಆರೋಗ್ಯಕ್ಕೆ ನೇರವಾದ ತಕ್ಷಣದ ಅಪಾಯ ಇದ್ದರೆ ಮಾತ್ರ ಉಂಟು ಎಂಬುದು ಆರೋಗ್ಯ ವಿಮೆಗಳಲ್ಲಿ ಬರುವ ಷರತ್ತು. 1849ರ ವೀಲಿಂಗಿನ ಹುಡುಗಿಗೆ ಸುಟ್ಟ ಗಾಯದ ಲೆಕ್ಕದಲ್ಲಿ ಇವರು ಕೊಟ್ಟಿರುತ್ತಿದ್ದರೋ ಏನೋ. ಬೆಳೆಯುತ್ತಲೇ ಬಂದದ್ದಕ್ಕೆ ಇಲ್ಲ. ನಮ್ಮ ಹುಡುಗಿ ಒಂದು ಪೇರಳೆಯನ್ನು, ಇಲ್ಲಿನವರ ಜಾಮಕಾಯಿಯನ್ನು, ಮುಂದಿನ ಹಲ್ಲಿನಿಂದ ಕಚ್ಚಿ ತಿಂದವಳಲ್ಲ. ಚಕ್ಕುಲಿ ಕೂಡ ಕೈಯಲ್ಲಿ ಮುರಿದು ದವಡೆಹಲ್ಲಿಗೆ ಸೇರಿಸಬೇಕು. ಅದು ರೂಪದ ಲೆಕ್ಕದಲ್ಲಿ ಹೋಯಿತು. ಊರಿನಿಂದ ಫೋನ್ ಮಾಡುವವರೂ ವಿಮೆಯವರ ಹಾಗೇ, 'ಮದುವೆಗೆ ಮುಂಚೆ ಮಾಡಿಸಿಬಿಡಿ' ಎನ್ನುತ್ತಾರೆ. ಅವಳಿಗೆ ಇದನ್ನು ಕೇಳಿದರೆ ಮೈಯೆಲ್ಲ ಉರಿ. "ತಿನ್ನೋಕೆ ಮಾಡಿಸ್ಕೊಳ್ತಿರೋದು" ಅನ್ನುತ್ತಾಳೆ. ಸ್ವಲ್ಪ ಹೊತ್ತು ಬಿಟ್ಟು, "ಫೋಟೋಗೂ" ಅನ್ನುತ್ತಾಳೆ.

ಈಗ ಕ್ಲಿಪ್ ಹಾಕಿ ಹನ್ನೊಂದು ತಿಂಗಳು. ಡಾಕ್ಟರು ಹೇಳಿದ ಹಾಗೇ ಗದ್ದ ಇನ್ನೂ ಮುಂದೆ ಬಂದಂತೆ ಕಾಣುತ್ತದೆ. ಕಾಲೇಜಿಗೆ ಮಾಸ್ಕ್ ಹಾಕಿಕೊಂಡು ಹೋಗುತ್ತಾಳೆ, ಕೊರೋನಾ ಹೋದರೂ ಅದೊಂದು ಉಪಕಾರ ಉಳಿಸಿ ಹೋಗಿದೆ. ಬುದ್ಧಿಹಲ್ಲು ಎರಡು ತೆಗೆದಾಯಿತು. ಅಪ್ಪ ಚೀಟಿ ಎತ್ತಿದ್ದಾರೆ. ಆಪರೇಷನ್ ಬರುವ ಮೇ ತಿಂಗಳು, ಪರೀಕ್ಷೆ ಮುಗಿದ ಮೇಲೆ. ಮೊನ್ನೆ ಹೋದಾಗ ಅಮ್ಮ ಹೊಸ ಮಿಕ್ಸಿ ತೋರಿಸಿದರು, ಗಂಜಿ, ಅಂಬಲಿ ನುಣ್ಣಗೆ ಮಾಡಲು. "ಆವಕಾಯಿ ಸೀಸನ್ನಲ್ಲೇ ಇಟ್ಟಿದ್ದಾರೆ ಮಾವ, ನೋಡಿ" ಎಂದು ಹುಡುಗಿ ಗೊಣಗಿದಳು. ಒಂದು ಭರಣಿ ಅವಳ ಹೆಸರಿನಲ್ಲಿ ಎತ್ತಿಡುವುದು ಎಂದು ಮಾತಾಗಿದೆ.